ಮಾಕ್ ಕಾಂಗ್ರೆಸ್: ಹೌಸ್ ಜುಡಿಷಿಯರಿಯೋ, ಸೆನೆಟ್ ಜುಡಿಷಿಯರಿಯೋ?

ಅಮೆರಿಕದ ಮಾಕ್ ಕಾಂಗ್ರೆಸ್‌ಗೆ (ವಿದ್ಯಾರ್ಥಿಗಳು ಅಲ್ಲಿನ ಸಂಸದರಂತೆ ಕೂತು ಚರ್ಚಿಸುವ ಅಣಕು ಸಂಸತ್ತು) ಹೊಸದಾಗಿ ಬರುವ ಮಕ್ಕಳು ಜುಡಿಷಿಯರಿ ಕಮಿಟಿ ಅಂದರೆ ಕೋರ್ಟು ಅಂದುಕೊಳ್ಳುತ್ತಾರೆ. ಅಲ್ಲ. ಇಲ್ಲಿ ತೀರ್ಪು ಕೊಡುವುದಿಲ್ಲ. ಮಸೂದೆ ತಿದ್ದುತ್ತಾರೆ, ಸಾಕ್ಷಿಗಳನ್ನು ಪ್ರಶ್ನಿಸುತ್ತಾರೆ. ವಲಸೆ, ಕಾಪಿರೈಟ್, ಸಂವಿಧಾನ ತಿದ್ದುಪಡಿ ಕೆಳಮನೆ ಹೌಸ್, ಮೇಲ್ಮನೆ ಸೆನೆಟ್ ಎರಡರ ಕಮಿಟಿಗಳಿಗೂ ಬರುತ್ತವೆ.

ಹೌಸ್ ಕಮಿಟಿ 1813ರದ್ದು. 1974ರಲ್ಲಿ ಅಧ್ಯಕ್ಷ ನಿಕ್ಸನ್ ವಿರುದ್ಧ ಮಹಾಭಿಯೋಗದ ಮೂರು ಆರೋಪಗಳಿಗೆ ಒಪ್ಪಿಗೆ ಕೊಟ್ಟಿದ್ದು ಇದೇ. ಇಡೀ ಹೌಸ್ ಮತ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಇಲ್ಲಿ ಸಾಕ್ಷಿಯನ್ನು ಪ್ರಶ್ನಿಸಲು ಸಾಮಾನ್ಯವಾಗಿ ಒಬ್ಬೊಬ್ಬರಿಗೆ ಐದೇ ನಿಮಿಷ. ಸುಮ್ನೆ ಭಾಷಣ ಮಾಡಿದರೆ ಸಮಯ ಮುಗಿದೇ ಹೋಯಿತು!

ಸೆನೆಟ್ ಕಮಿಟಿ 1816ರದ್ದು. ಇದರ ಗತ್ತೇ ಬೇರೆ. ಸುಪ್ರೀಂ ಕೋರ್ಟ್‌ಗೆ ಅಧ್ಯಕ್ಷರು ಸೂಚಿಸಿದವರು ಇಲ್ಲಿ ಕೂತು ಉತ್ತರ ಕೊಡಬೇಕು. ಹೌಸ್‌ಗೆ ಆ ಕೆಲಸವೇ ಇಲ್ಲ. 1987ರಲ್ಲಿ ಹೀಗೆ ಸೂಚಿತರಾದ ರಾಬರ್ಟ್ ಬೋರ್ಕ್ ಅವರಿಗೆ ಕಮಿಟಿಯಲ್ಲಿ 9-5ರ ವಿರೋಧ ಬಂತು. ಆಮೇಲೆ ಸೆನೆಟ್ 58-42ರಲ್ಲಿ ಬೇಡ ಅಂದಿತು. ಇಂಥ ವಿಚಾರಣೆಗೆ ಹಳೆಯ ತೀರ್ಪುಗಳನ್ನು ಓದಿಕೊಂಡೇ ಬರಬೇಕು, ತಯಾರಿ ಜಾಸ್ತಿ.

ಮೊದಲ ಸಲವಾದರೆ ನಾನು ಹೌಸ್ ಅಂತೀನಿ. ಓದುವ ಹುಚ್ಚಿದ್ದರೆ ಸೆನೆಟ್. ಆದರೆ ನಿಮ್ಮ ಮಾಕ್ ಕಾಂಗ್ರೆಸ್‌ನಲ್ಲಿ ನೇಮಕದ ವಿಚಾರಣೆ ಇಟ್ಟಿದ್ದಾರಾ ಅಂತ ಮೊದಲೇ ಕೇಳಿ. ಬರೀ ಮಸೂದೆಗಳಾದರೆ ಎರಡೂ ಹೆಚ್ಚುಕಮ್ಮಿ ಒಂದೇ.