360 ಡಿಗ್ರಿ ಸರ್ವೋ ಅಂತ ಟೋಪಿ ಹಾಕ್ಲಿಕತ್ತಾರ, ನೋಡ್ಕೊಂಡು ತಗೋರಿ

ಇವತ್ತು ಮುಂಜಾನೆ ಇನ್ನೊಂದ್ ವಾಟ್ಸಾಪ್ ಗ್ರೂಪಿನ್ಯಾಗ ನನಗ ಸರ್ವೋ ಮಾರಿ ಟೋಪಿ ಹಾಕಿದವನ ಅದೇ ವಿಡಿಯೋ ಮತ್ತ ನೋಡಿದೆ. ಅದೇ ಹಸಿರು ಟೇಬಲ್ ಕ್ಲಾತು, ಅದೇ ನೀಲಿ ಸರ್ವೋ (ಸಿಗ್ನಲ್ ಕೊಟ್ಟಂಗ ತಿರುಗೋ ಸಣ್ಣ ಮೋಟರ್), ಅದೇ ದನಿ, "ನೋಡ್ರಿ ಫುಲ್ ರೌಂಡ್ ಹೊಡೀತದ". ಎರಡು ತಿಂಗಳಿಂದ ನಾಚಿಕಿ ಆಗಿ ಯಾರ ಮುಂದೂ ಬಾಯಿ ಬಿಟ್ಟಿರ್ಲಿಲ್ಲ. ಆದ್ರ ಇನ್ನೊಬ್ರು ಯಾರರ ಸಿಕ್ಕೊಂಡ್ರ ಅಂತ ಇವತ್ತು ಕುಂತು ಬರೀಲಿಕತ್ತೀನಿ, ಸಿಟ್ಟಿನ್ಯಾಗ ಬರದೀನಿ, ತಪ್ಪಿದ್ರ ಹೊಟ್ಟಿಗಿ ಹಾಕ್ಕೋರಿ.

ನಾನು ರಾಯಚೂರಿನ್ಯಾಗ ಸಂಜಿ ಹೊತ್ತು ಹೈಸ್ಕೂಲ್ ಹುಡುಗ್ರಿಗೆ ಆರ್ಡುಯಿನೊ (ಕೋಡ್ ಬರದು ಮೋಟರ್, ಲೈಟ್ ನಡಸೋ ಸಣ್ಣ ಬೋರ್ಡು) ಹೇಳಿಕೊಡ್ತೀನಿ. ದೊಡ್ಡ ಕ್ಲಾಸ್ ಏನಲ್ಲ, ಮನಿ ಮ್ಯಾಲಿನ ತಗಡಿನ ರೂಮು, 24 ಮಂದಿ, ಬ್ಯಾಸಿಗ್ಯಾಗ ಅಲ್ಲಿ ಸೋಲ್ಡರಿಂಗ್ ಐರನ್‌ಗೆ ಕರೆಂಟೇ ಬೇಕಿಲ್ಲ ಅಂತ ಹುಡುಗ್ರು ನಗ್ತಾರ. ಸೈನ್ಸ್ ಎಕ್ಸಿಬಿಷನ್‌ಗೆ ಆರು ಗುಂಪು ಮಾಡಿ, ಗುಂಪಿಗೊಂದು ಎರಡು ಗಾಲಿ ಗಾಡಿ ಮಾಡಿಸೋಣ ಅಂತ ಇತ್ತು. ಡಿಸಿ ಮೋಟರ್ ಆದ್ರ ಅದಕ್ಕ ಕರೆಂಟ್ ಕೊಡೋ ಡ್ರೈವರ್ ಬೋರ್ಡ್ ಬ್ಯಾರೆ ಬೇಕು, ವೈರ್ ಜಾಸ್ತಿ. ತಿರುಗೋ ಸರ್ವೋ ಆದ್ರ ಮೂರೇ ವೈರು, ಡ್ರೈವರ್ ಒಳಗೇ ಇರ್ತದ. ಲೆಕ್ಕಕ್ಕ 12 ಸರ್ವೋ. ತಲಾ 100 ರೂಪಾಯಿ ಹುಡುಗ್ರೇ ತಂದ್ಕೊಟ್ರು. ಒಬ್ಬ ಪೂರಾ ಚಿಲ್ಲರಿ ತಂದಿದ್ದ, ಅವರಪ್ಪಂದು ಮಿರ್ಚಿ ಬಜಿ ಬಂಡಿ ಅದ. ಆ ಚಿಲ್ಲರಿ ನೆನಪಾದ್ರ ಈಗ್ಲೂ ಹೊಟ್ಟಿ ಉರೀತದ.

ಮಾರಿದವ ಬಳ್ಳಾರಿ ಕಡೆಯವ, ಹೆಸರು ಬರಿಯಂಗಿಲ್ಲ. ಸಾದಾ ಎಸ್‌ಜಿ90 ಮಾಡೆಲ್ ಸರ್ವೋ ನನಗ 110ಕ್ಕ ಸಿಗ್ತಿತ್ತು, ಇವ ಕಂಟಿನ್ಯೂಯಸ್, ಅಂದ್ರ ಗಾಲಿಯಂಗ ಪೂರಾ ಸುತ್ತು ತಿರುಗೋದು ಅಂತ 190 ಹೇಳ್ದ. ನಾ ಸರಿ ಅಂದೆ, ಯಾಕಂದ್ರ ವಿಡಿಯೋ ಕಳ್ಸಿದ್ದ. ಕೋಡ್ ಇಲ್ದೇ ಸರ್ವೋ ನಡಸಿ ನೋಡೋ ಟೆಸ್ಟರ್‌ಗೆ ಹಚ್ಚಿ ನಾಬ್ ಈ ಕಡೆ ತಿರುವಿದ, ಗಿರ್ರಂತ ತಿರುಗ್ತು. ಆ ಕಡೆ ತಿರುವಿದ, ಉಲ್ಟಾ ತಿರುಗ್ತು. ನಾ ಮಂಗ್ಯಾ ಆಗಿದ್ದು ಅಲ್ಲೇ ನೋಡ್ರಿ. ತಿರುಗೋದ್ನ ತೋರಿಸ್ದ, ನಿಲ್ಲೋದ್ನ ತೋರಿಸ್ಲೇ ಇಲ್ಲ. ನಾನೂ ಕೇಳ್ಲಿಲ್ಲ. ನಾಬ್ ನಡುವ ಬಂದಾಗ ವಿಡಿಯೋ ಕಟ್ ಆಗ್ತದ, ಇವತ್ತು ಹತ್ತು ಸಲ ನೋಡಿದ ಮ್ಯಾಲ ಗೊತ್ತಾಯ್ತು. ಫೋನ್‌ಪೇ ಮಾಡ್ದೆ, ಬಸ್ಸಿನ್ಯಾಗ ಪಾರ್ಸಲ್ ಬಂತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಸಾದಾ ಸರ್ವೋಕ್ಕ ಕೋಡಿನ್ಯಾಗ 90 ಅಂದ್ರ 90 ಡಿಗ್ರಿಗೆ ಹೋಗಿ ನಿಲ್ತದ. ಕಂಟಿನ್ಯೂಯಸ್ ಸರ್ವೋದಾಗ ಡಿಗ್ರಿ ಮಾತೇ ಇಲ್ಲ, 90 ಅಂದ್ರ ನಿಲ್ಲು, 0 ಅಂದ್ರ ಒಂದ್ ಕಡೆ ಜೋರ್, 180 ಅಂದ್ರ ಇನ್ನೊಂದ್ ಕಡೆ ಜೋರ್. ಸರ್ವೋಕ್ಕ ಹೋಗೋ ಸಿಗ್ನಲ್ಲಿನ ಪಲ್ಸ್ ಉದ್ದದ ಲೆಕ್ಕದಾಗ 1500 ಮೈಕ್ರೋಸೆಕೆಂಡ್‌ಗೆ ನಿಲ್ಬೇಕು.

ಹುಡುಗ್ರ ಮುಂದ ದೊಡ್ಡ ಭಾಷಣ ಮಾಡಿ ಮೊದಲ್ನೇ ಗಾಡಿ ಟೇಬಲ್ ಮ್ಯಾಲ ಇಟ್ಟು 90 ಕೊಟ್ಟೆ. ಎಡಗಾಲಿ ನಿಂತ್ತು, ಬಲಗಾಲಿ ಸಣ್ಣಗ ತಿರುಗ್ಲಿಕತ್ತು. ಗಾಡಿ ಗಾಣದ ಎತ್ತಿನಂಗ ಸುತ್ತಿ ಸುತ್ತಿ ಟೇಬಲ್ ಅಂಚಿಗೆ ಹೋಗಿ ಬಿತ್ತು. "ಸರ್, 90 ಅಂದ್ರ ನಿಲ್ತದ ಅಂದಿದ್ರೆಲ್ಲ" ಅಂತ ಒಬ್ಬಾಕಿ ಕೇಳಿದ್ಲು. ನಕ್ಕಿದ್ರ ಬೇಷಿತ್ತು, ಆಕಿ ಖರೇನೇ ಕೇಳಿದ್ಲು. ಎರಡನೇದು ಹಚ್ಚಿದೆ, ಮೂರನೇದು ಹಚ್ಚಿದೆ. ಒಂದು 83ಕ್ಕ ನಿಲ್ತದ, ಒಂದು 104ಕ್ಕ, ಒಂದು ಎಲ್ಲಿಗೂ ನಿಲ್ಲಂಗಿಲ್ಲ.

ಮಾರಿದವಗ ಮೆಸೇಜ್ ಮಾಡ್ದೆ. "ಕೋಡ್ ಚೆಕ್ ಮಾಡ್ರಿ ಸರ್". ಕೋಡ್ ಕಳ್ಸಿದೆ, ಏಳೇ ಲೈನು. "ಪವರ್ ಸಾಲವಲ್ದು ಸರ್, ಆರ್ಡುಯಿನೊದ 5 ವೋಲ್ಟಿಗೆ ಹಚ್ಚಿರ್ತೀರಿ". ಇಲ್ರೀ, ನಾಕು ಸೆಲ್ಲಿನ ಬ್ಯಾಟ್ರಿ ಬ್ಯಾರೆ ಅದ, ಗ್ರೌಂಡ್ ಕೂಡಿಸೀನಿ ಅಂತ ಫೋಟೋ ಹಾಕ್ದೆ. "ಹಂಗಾದ್ರ ಟ್ರಿಮ್ ಮಾಡ್ಕೋರಿ". ಟ್ರಿಮ್ ಅಂದ್ರ ನಿಲ್ಲೋ ಜಾಗ ಹೊಂದಿಸೋದು, ಅದನ್ನ ಮಾಡೋ ತೂತು ಎಲ್ಲದ ಅಂದೆ. ನೀಲಿ ಟಿಕ್ ಬಂತು, ಉತ್ರ ಬರ್ಲಿಲ್ಲ.

ರಾತ್ರಿ ಒಂದ್ ಸರ್ವೋ ತಿರುವಿ ಹಾಕಿ ನೋಡಿದ್ರ ತಳದ ಸ್ಕ್ರೂ ತಲಿ ಕೆತ್ತಿ ಹೋಗ್ಯಾವ. ಹೊಸಾ ಸರ್ವೋದ ಸ್ಕ್ರೂ ಹ್ಯಾಂಗ್ ಕೆತ್ತಿ ಹೋಗ್ತಾವ? ಬಿಚ್ಚಿದೆ. ಸಾದಾ ಎಸ್‌ಜಿ90ಯ ಕೊನಿ ಗೇರಿನ್ಯಾಗ ಅರ್ಧ ಸುತ್ತಿಗೆ ತಡಿಯೋ ಒಂದ್ ಸಣ್ಣ ಮೊಳಿ ಇರ್ತದ, ಅದನ್ನ ಬ್ಲೇಡಿಲೆ ಕೊಯ್ದಾನ, ಗ್ರೀಸಿನ್ಯಾಗ ಪ್ಲಾಸ್ಟಿಕ್ ಪುಡಿ ಹಂಗೇ ಅಂಟ್ಯದ. ಅದೇ ಗೇರಿನ ತೂತು ದೊಡ್ಡದು ಮಾಡಿ, ತಿರುವಿದಂಗ ರೆಸಿಸ್ಟನ್ಸ್ ಬದ್ಲಾಗೋ ಪಾಟ್‌ದ ದಂಡಿಗಿ ತಾಗದಂಗ ಮಾಡ್ಯಾನ, ಅಷ್ಟೇ. ಗೇರ್ ಎಲ್ಲಿ ಅದ ಅಂತ ಬೋರ್ಡಿಗೆ ಹೇಳೋದು ಆ ಪಾಟೇ, ಅದು ನಡುವ ನಿಂತ್ರ ಮಾತ್ರ 1500ಕ್ಕ ಸರ್ವೋ ನಿಲ್ತದ. ಬರೋಬ್ಬರಿ ಮಾಡೋರು ಪಾಟ್ ತಗದು ಒಂದೇ ವ್ಯಾಲ್ಯೂದ ಎರಡು ರೆಸಿಸ್ಟರ್ ಹಾಕ್ತಾರ. ಇವ ಪಾಟ್‌ನ ಕಣ್ಣಂದಾಜಿಲೆ ತಿರುವಿ ಬಿಟ್ಟಾನ, ಫೆವಿಕ್ವಿಕ್ ಸುದ್ದಾ ಹಚ್ಚಿಲ್ಲ. ಹಂಗಾಗಿ ಗಾಡಿ ಅಲುಗಾಡಿದಂಗ ಅದೂ ಸರೀತದ. ಮುಂಜಾನಿ 1460ಕ್ಕ ನಿಂತದ್ದು ಸಂಜಿಗೆ 1520 ಬೇಡ್ತಿತ್ತು. ಮಾಡಿದ್ದು ತಪ್ಪಲ್ರೀ, ಎಷ್ಟೋ ಮಂದಿ ಮನ್ಯಾಗ ಹಂಗ ಮಾಡ್ಕೋತಾರ. ಹೊಸಾದು ಅಂತ 80 ರೂಪಾಯಿ ಮ್ಯಾಲ ಇಟ್ಟು ಮಾರಿದ್ದು ತಪ್ಪು.

ಫೋಟೋ ಕಳ್ಸಿದೆ. ಆಗ ಲಗೂನ ಉತ್ರ ಬಂತು. "ಯಾಕ ಬಿಚ್ಚಿದ್ರಿ ಸರ್, ಬಿಚ್ಚಿದ್ರ ವಾರಂಟಿ ಇಲ್ಲ". ನನಗಿಂತ ಮೊದ್ಲು ನೀವೇ ಬಿಚ್ಚೀರಲ್ರೀ ಅಂದೆ. "360 ಅಂದ್ರ ತಿರುಗ್ಬೇಕು ಸರ್. ತಿರುಗ್ತಾವೋ ಇಲ್ಲೋ?" ತಿರುಗ್ತಾವಪ್ಪ, ತಿರುಗೋದು ನಿಲ್ಲವಲ್ವು, ಅದೇ ತಕರಾರು! ಕಡೀಗೆ ಬರದ, "ನೀವು ಕಲಿಸೋರು ಸರ್, ತಗೊಳ್ಳೋವಾಗ್ಲೇ ನಿಮಗ ಗೊತ್ತಾಗ್ಬೇಕಿತ್ತು". ಅಲ್ಲಿಂದ ಡಿಪಿ ಕಾಣವಲ್ದು, ಬ್ಲಾಕ್. ರೊಕ್ಕಕ್ಕಿಂತ ಆ ಮಾತು ಜಾಸ್ತಿ ಚುಚ್ಚಿತು, ಯಾಕಂದ್ರ ಖರೇನೇ ಗೊತ್ತಾಗ್ಬೇಕಿತ್ತು.

ತಗೊಳ್ಳೋರು 1500ಕ್ಕ ನಿಲ್ಲೋ ವಿಡಿಯೋ ಕೇಳ್ರಿ, ಕಟ್ ಇಲ್ದಂಗ, ಒಂದ್ ನಿಮಿಷ ನಿಂತಿರ್ಬೇಕು. ತಳದ ಸ್ಕ್ರೂ ಫೋಟೋ ಕೇಳ್ರಿ. ಫೀಟೆಕ್‌ನ ಎಫ್‌ಎಸ್90ಆರ್ ಅಂಥಾದ್ರಾಗ ನಿಲ್ಲೋದ್ನ ಹೊಂದಿಸ್ಲಿಕ್ಕೆ ತಳದಾಗೇ ಸಣ್ಣ ಟ್ರಿಮ್ ಇರ್ತದ, ಅಂಥಾದ್ದು ತಗೋರಿ, ನಾಕು ರೂಪಾಯಿ ಹೆಚ್ಚಾದ್ರೂ ಆಗ್ಲಿ. ಬರೇ 360 ಅಂತ ಬರದಿದ್ರ ಕಂಟಿನ್ಯೂಯಸ್ಸೋ ಏನೋ ಅಂತ ಮೊದ್ಲು ಕೇಳ್ರಿ. ಗ್ರೂಪಿನ್ಯಾಗ ಹಸಿರು ಟೇಬಲ್ ಕ್ಲಾತ್ ಕಂಡ್ರ ದೂರ ಇರ್ರಿ.

ಹುಡುಗ್ರಿಗೆ 100 ವಾಪಸ್ ಕೊಟ್ಟೆ, ನನ್ನ ಜೇಬಿಂದ. ಎಕ್ಸಿಬಿಷನ್‌ಗೆ ಡಿಸಿ ಮೋಟರ್‌ನಾಗೇ ಮೂರು ಗಾಡಿ ಓಡಿದ್ವು. ಆ ಹನ್ನೆರಡೂ ಒಂದ್ ಬಿಸ್ಕಿಟ್ ಡಬ್ಬ್ಯಾಗ ಇಟ್ಟೀನಿ, ಬಿಚ್ಚಿದ್ದು ಬಿಚ್ಚಿದಂಗೇ. ನಂಬಿಕಿ ಇಲ್ಲದವರು ಸಂಜಿ ಆರರ ಮ್ಯಾಲ ಬಂದು ನೋಡ್ರಿ.