ಹೋಮ್ ಲೋನ್ ಜೊತೆ ಕೊಡೋ ಜಾಬ್ ಲಾಸ್ ಕವರ್: ಪೈಲಟ್ ಮನೆಯವ್ರು ತಗೋಬೇಡಿ (5ಕ್ಕೆ 1 ಸ್ಟಾರ್)

ಲೋನ್ ಸ್ಯಾಂಕ್ಷನ್ ಆಗೋವಾಗ ಪ್ರೀಮಿಯಂನ ಲೋನ್‌ಗೇ ಸೇರಿಸಿ ಕೊಡ್ತಾರಲ್ಲ, ಕೆಲ್ಸ ಹೋದ್ರೆ ಕೆಲವು ಇಎಂಐ ಕಟ್ತೀವಿ ಅನ್ನೋ ಆ ಪಾಲಿಸಿ ಬಗ್ಗೆ ಬರೀತಿದೀನಿ. ಕಂಪನಿ ಹೆಸರು ಬೇಡ. ನಮ್ಮನೆಯವ್ರು ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್, ಅಂದ್ರೆ ಕೋಪೈಲಟ್. 2020ರ ಮಾರ್ಚ್ 25ಕ್ಕೆ ಡೊಮೆಸ್ಟಿಕ್ ಫ್ಲೈಟ್ ಎಲ್ಲಾ ನಿಂತ್ವು, ಮೇ 25ಕ್ಕೆ ಶುರುವಾದ್ರೂ ಮೊದಲಿನ ಮೂರನೇ ಒಂದು ಭಾಗ ಅಷ್ಟೇ, ಹಾರ್ಸೋಕೆ ಫ್ಲೈಟೇ ಇಲ್ಲ ಅಂದ್ಮೇಲೆ ಬಂತಲ್ಲ ಮೇಲ್, ಮುಂದಿನ ಸೂಚನೆವರೆಗೆ ಲೀವ್ ವಿತೌಟ್ ಪೇ ಅಂತ. ಅಮೆರಿಕದಲ್ಲಿ ಇದಕ್ಕೆ ಫರ್ಲೋ ಅಂತಾರೆ, ಅಲ್ಲಿ ಸೀನಿಯಾರಿಟಿ ಲಿಸ್ಟ್ ನೋಡಿ ಕಳಿಸ್ತಾರೆ, ವಾಪಸ್ ಕರೆಯೋದೂ ಅದೇ ಲಿಸ್ಟ್ ಪ್ರಕಾರ. ಇಲ್ಲಿ ಅದೂ ಇಲ್ಲ.

ಸರಿ, ಕ್ಲೈಮ್ ಹಾಕೋಣ ಅಂತ ಪೋರ್ಟಲ್ ತೆಗೆದ್ರೆ 'ಕೆಲಸದಿಂದ ತೆಗೆದ ದಿನಾಂಕ' ಅನ್ನೋ ಕಾಲಂ, ಪಕ್ಕದಲ್ಲಿ ಕೆಂಪು ಸ್ಟಾರ್, ಅದು ತುಂಬ್ದೆ ಮುಂದಕ್ಕೇ ಹೋಗಲ್ಲ, ಟರ್ಮಿನೇಷನ್ ಲೆಟರ್ ಬೇರೆ ಅಪ್‌ಲೋಡ್ ಮಾಡ್ಬೇಕು. ಕಸ್ಟಮರ್ ಕೇರ್‌ಗೆ ಫೋನ್ ಮಾಡ್ದೆ.

"ಮೇಡಂ, ಸರ್ ಇನ್ನೂ ಎಂಪ್ಲಾಯೀನೇ ಅಲ್ವಾ?"

"ಹೌದಮ್ಮಾ, ಸಂಬಳ ಇಲ್ದಿರೋ ಎಂಪ್ಲಾಯಿ."

"ಹಾಗಿದ್ರೆ ಕವರ್ ಆಗಲ್ಲ ಮೇಡಂ."

ರಾಜೀನಾಮೆ ಕೊಟ್ರೆ? ಸ್ವಂತ ಇಷ್ಟದಿಂದ ಬಿಟ್ರೆ ಕ್ಲೈಮ್ ಇಲ್ಲ ಅಂತ ಷರತ್ತಲ್ಲೇ ಇದೆ. ಮೇಲಿಂದ ವಿಮಾನಯಾನ ನಿಯಂತ್ರಕ ಡಿಜಿಸಿಎಯ 2017ರ ರೂಲ್ ಪ್ರಕಾರ ಕೋಪೈಲಟ್‌ಗೆ ಆರು ತಿಂಗಳು, ಕ್ಯಾಪ್ಟನ್‌ಗೆ ಒಂದು ವರ್ಷ ನೋಟಿಸ್ ಪೀರಿಯಡ್! ಏವಿಯೇಷನ್‌ನಲ್ಲಿ ಮೊದಲು ನಿಲ್ಲೋದು ಸಂಬಳ, ಲೆಟರ್ ಬರೋದು ಆಮೇಲೆ, ಕೆಲವೊಮ್ಮೆ ಬರೋದೇ ಇಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕೆ ನಿಲ್ಲೋಕೆ ಮುಂಚೆ ಪೈಲಟ್‌ಗಳು ತಿಂಗಳುಗಟ್ಟಲೆ ಸಂಬಳ ಇಲ್ದೇ ಹಾರ್ಸಿದ್ರಲ್ಲ, ಅಂಥವ್ರಿಗೂ ಈ ಪಾಲಿಸಿ ಭಾಷೇಲಿ ಆಗ ಕೆಲ್ಸ ಇತ್ತು.

ಎಲ್ಲಾ ಸರಿಹೋಗಿ ಕ್ಲೈಮ್ ಪಾಸಾದ್ರೂ ನಮ್ಮ ಪಾಲಿಸೀಲಿ ಸಿಗೋದು ಮೂರೇ ಇಎಂಐ. ಟೈಪ್ ರೇಟಿಂಗ್‌ಗೆ (ಒಂದು ಮಾದರಿ ವಿಮಾನ ಹಾರ್ಸೋಕೆ ಬೇಕಾದ ಟ್ರೈನಿಂಗ್) ಅಂತ ಮಾಡಿದ ಲಕ್ಷಗಟ್ಟಲೆ ಸಾಲ ಇದಕ್ಕೆ ಸೇರೋದೇ ಇಲ್ಲ. ಲಾಸ್ ಆಫ್ ಲೈಸೆನ್ಸ್ ಇನ್ಶೂರೆನ್ಸ್ ಇದೆಯಲ್ಲ ಅಂತ ನಮ್ಮ ಭಾವ ಕೇಳಿದ್ರು, ಅದು ಮೆಡಿಕಲ್‌ನಲ್ಲಿ ಅನ್‌ಫಿಟ್ ಆದ್ರೆ ಮಾತ್ರ. ನಮ್ಮೋರು ಗುಂಡುಕಲ್ಲಿನ ಹಾಗಿದಾರೆ, ಏನ್ಮಾಡೋದು. ಆಗ ಉಸಿರಾಡೋಕೆ ಬಿಟ್ಟಿದ್ದು ಇಎಂಐ ಮುಂದೂಡೋಕೆ ಬಿಟ್ಟ ಆರ್‌ಬಿಐ ಮೊರಟೋರಿಯಂ ಒಂದೇ, ಆಗಸ್ಟ್‌ವರೆಗೆ, ಬಡ್ಡಿ ಮಾತ್ರ ಬೆಳೀತಾನೇ ಇತ್ತು.

ಲೇಆಫ್ ಲೆಟರ್ ಕೈಗೆ ಕೊಟ್ಟು ಕಳಿಸೋ ಕಂಪನೀಲಿ ಇರೋರಿಗೆ ಇದು ಉಪಯೋಗ ಆಗ್ಬೋದು. ಪೈಲಟ್, ಕ್ಯಾಬಿನ್ ಕ್ರೂ ಮನೆಯವ್ರು ಸೈನ್ ಹಾಕೋ ಮುಂಚೆ 'ಲೀವ್ ವಿತೌಟ್ ಪೇ ಕವರ್ ಆಗತ್ತಾ' ಅಂತ ಮೇಲ್ ಹಾಕಿ, ಉತ್ತರ ಬರಹದಲ್ಲೇ ತಗೊಳಿ. ಇದು ಇಲ್ದಿದ್ರೆ ಲೋನ್ ಪಾಸಾಗಲ್ಲ ಅಂದ್ರೆ ನಂಬ್ಬೇಡಿ, ಕಡ್ಡಾಯ ಅಲ್ಲ.