ಮೂರು ಮಳೆಗಾಲ ದಾಟಿದ ಆಂಕಿಡ್ರಾಯ್ಡ್: ಪಿಯುಸಿ ಓದುವವರಿಗಾಗಿ ಒಂದು ವಿಮರ್ಶೆ

ಜೂನ್ ಎರಡನೇ ವಾರ ಮಳೆ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಓದಿನ ಆ್ಯಪ್‌ಗಳ ಹಣೆಬರಹ ಗೊತ್ತಾಗುತ್ತದೆ. ಗಾಳಿಗೆ ಮರ ಲೈನಿನ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ. ಟವರಿನ ಬ್ಯಾಟರಿ ಮುಗಿದ ಮೇಲೆ ನೆಟ್‌ವರ್ಕೂ ಹೋಗುತ್ತದೆ. ವಿಡಿಯೋ ಪಾಠ ಅಲ್ಲಿಗೆ ನಿಂತಿತು. ಟಿಪ್ಪಣಿಯನ್ನೆಲ್ಲ ಎಲ್ಲೋ ಸರ್ವರಿನಲ್ಲಿಟ್ಟುಕೊಳ್ಳುವ ನೋಟ್ಸ್ ಆ್ಯಪ್ ತೆರೆದರೂ ಖಾಲಿ ಹಾಳೆ. ಮೂರು ಮಳೆಗಾಲ ಒಂದು ದಿನವೂ ಕೈಕೊಡದೆ ನಡೆದದ್ದು ಆಂಕಿಡ್ರಾಯ್ಡ್ ಒಂದೇ. ಕಾರ್ಡು, ಚಿತ್ರ, ಯಾವುದನ್ನು ಯಾವತ್ತು ಕೇಳಬೇಕೆಂಬ ಲೆಕ್ಕ, ಎಲ್ಲವೂ ಫೋನಿನೊಳಗೇ ಇರುತ್ತವೆ. ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲೂ ಅರಬೈಲ್ ತಿರುವಿನಲ್ಲೂ ಅದು ಕುಮಟಾ ಪೇಟೆಯಲ್ಲಿದ್ದಂತೆಯೇ ಕೆಲಸ ಮಾಡುತ್ತದೆ.

ಇದೇನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರುವ ಕಾರ್ಡುಗಳನ್ನು ನಾವೇ ಬರೆದುಕೊಳ್ಳುತ್ತೇವೆ. ನೆನಪಿದ್ದ ಕಾರ್ಡನ್ನು ಆ್ಯಪ್ ದೂರ ತಳ್ಳುತ್ತದೆ, ಮರೆತದ್ದನ್ನು ಹತ್ತಿರ ತರುತ್ತದೆ. 'ಆಂಕಿ' ಎಂದರೆ ಜಪಾನಿ ಭಾಷೆಯಲ್ಲಿ ಕಂಠಪಾಠ. ಮೂಲ ತಂತ್ರಾಂಶವನ್ನು 2006ರಲ್ಲಿ ಡೇಮಿಯನ್ ಎಲ್ಮ್ಸ್ ಹೊರತಂದರು. ಆ್ಯಂಡ್ರಾಯ್ಡ್ ಆವೃತ್ತಿಯನ್ನು ಸ್ವಯಂಸೇವಕರು ನಡೆಸುತ್ತಾರೆ. ಹಣ ಕೊಡಬೇಕಿಲ್ಲ, ಜಾಹೀರಾತಿಲ್ಲ. ಐಫೋನಿನ ಅಧಿಕೃತ ಆ್ಯಪ್‌ಗೆ ಮಾತ್ರ ಹಣ ಕೊಡಬೇಕು. ಹುಡುಕುವಾಗ ಹೆಸರು ಹೋಲುವ ಬೇರೆ ಆ್ಯಪ್‌ಗಳೂ ಸಿಗುತ್ತವೆ, ಚಂದಾ ಕೇಳಿದರೆ ಅದು ಇದಲ್ಲ.

ಕರೆಂಟಿಲ್ಲದ ದಿನಗಳ ಕ್ರಮ ಹೀಗಿರಲಿ. ಸಿಗ್ನಲ್ ಕ್ಷೀಣವಾದಷ್ಟೂ ಫೋನು ಟವರನ್ನು ಹುಡುಕುತ್ತ ಬ್ಯಾಟರಿ ತಿನ್ನುತ್ತದೆ, ಆದ್ದರಿಂದ ಕಾರ್ಡು ನೋಡಲು ಕೂರುವ ಮೊದಲು ಏರೋಪ್ಲೇನ್ ಮೋಡ್ ಹಾಕಬೇಕು. ಬೆಳಕನ್ನು ಕಣ್ಣಿಗೆ ಸಾಕಾಗುವಷ್ಟಕ್ಕೆ ಇಳಿಸಬೇಕು. ಪರದೆ ಅಮೋಲೆಡ್ ಆಗಿದ್ದರೆ ಕಪ್ಪು ಥೀಮ್ ಬ್ಯಾಟರಿ ಉಳಿಸುತ್ತದೆ, ಅಗ್ಗದ ಎಲ್‌ಸಿಡಿಯಲ್ಲಿ ಹೇಳಿಕೊಳ್ಳುವ ಉಳಿತಾಯ ಇಲ್ಲ. ಪವರ್ ಬ್ಯಾಂಕ್ ಕೊಳ್ಳುವವರು ಡಬ್ಬಿಯ ಮೇಲಿನ ಅಂಕಿ ನಂಬಿ ಕೂರಬಾರದು. 10,000 ಎಂಎಎಚ್ ಎಂಬುದು ಒಳಗಿನ ಸೆಲ್ಲಿನ ಲೆಕ್ಕ. 5 ವೋಲ್ಟಿಗೆ ಏರಿಸಿ ಹೊರಗೆ ಕೊಡುವಾಗ ಒಂದಷ್ಟು ಹೋಗುತ್ತದೆ, 5,000 ಎಂಎಎಚ್ ಫೋನು ತುಂಬುವುದು ಎರಡು ಸಲವಲ್ಲ, ಸುಮಾರು ಒಂದೂಕಾಲು ಸಲ. ಬರೀ ಕಾರ್ಡು ನೋಡುವುದಕ್ಕೆ ಅದು ಧಾರಾಳ.

ಈ ಆ್ಯಪ್‌ನಿಂದ ಎಣಿಸದೆ ಸಿಕ್ಕ ಲಾಭ ಬೇರೆಯೇ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಬಂದವರಿಗೆ ಮೊದಲ ಮೂರು ತಿಂಗಳು ಕಷ್ಟ ಕೊಡುವುದು ವಿಷಯವಲ್ಲ, ಹೆಸರುಗಳು. ಗೊತ್ತಿರುವುದೇ ಬೇರೆ ವೇಷದಲ್ಲಿ ಬಂದು ನಿಂತಿರುತ್ತದೆ. ಸಂವೇಗ ಮೊಮೆಂಟಮ್ ಆಗಿದೆ, ವಕ್ರೀಭವನ ರಿಫ್ರ್ಯಾಕ್ಷನ್ ಆಗಿದೆ, ವಿಸರ್ಜನೆ ಎಕ್ಸ್‌ಕ್ರೀಷನ್ ಆಗಿದೆ. ಜವ ಮತ್ತು ವೇಗದ ಗೊಂದಲ ಇನ್ನೂ ದೊಡ್ಡದು: ಪಠ್ಯಪುಸ್ತಕದಲ್ಲಿ ಸ್ಪೀಡ್ ಎಂದರೆ ಜವ, ವೆಲಾಸಿಟಿ ಎಂದರೆ ವೇಗ, ಮಾತಿನಲ್ಲಿ ಮಾತ್ರ ಎಲ್ಲವೂ ವೇಗ. ದ್ರವ್ಯರಾಶಿ ಮಾಸ್, ತೂಕ ವೇಟ್. ಶಿರಸಿಯ ಕಿವಿಗೆ ರಾಶಿ ಎಂದರೆ ಮೊದಲು ಕೇಳಿಸುವುದು ಅಡಿಕೆಯಾದ್ದರಿಂದ ಇದಕ್ಕೂ ಒಂದು ಕಾರ್ಡು ಇರಲಿ.

ಇಂಥವಕ್ಕೆ 'ಬೇಸಿಕ್ ಆ್ಯಂಡ್ ರಿವರ್ಸ್ಡ್' ಎಂಬ ನೋಟ್ ಟೈಪ್ ಆರಿಸಬೇಕು. ಒಮ್ಮೆ ಬರೆದರೆ ಎರಡು ಕಾರ್ಡು ಹುಟ್ಟುತ್ತವೆ: ಕನ್ನಡದಿಂದ ಇಂಗ್ಲಿಷಿಗೆ ಒಂದು, ಇಂಗ್ಲಿಷಿನಿಂದ ಕನ್ನಡಕ್ಕೆ ಒಂದು. ದಿನಕ್ಕೆ ನಾಲ್ಕು ಜೋಡಿ ಸಾಕು. ನಾಲ್ಕು ಜೋಡಿಯೆಂದರೆ ಎಂಟು ಕಾರ್ಡು, ಜೂನ್‌ನಿಂದ ದಸರಾ ರಜೆಯೊಳಗೆ ನಾನ್ನೂರಕ್ಕೂ ಹೆಚ್ಚು ಪದ ಕೈಗೆ ಬರುತ್ತವೆ. ಕಾರವಾರ, ಅಂಕೋಲಾ ಕಡೆ ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳಿಗೆ ಕನ್ನಡದ ಪಾರಿಭಾಷಿಕ ಪದವೂ ಕಲಿತದ್ದೇ ತಾನೆ, ಅವರಿಗೆ ಎರಡೂ ದಿಕ್ಕಿನ ಕಾರ್ಡು ಇನ್ನಷ್ಟು ಉಪಯೋಗ.

ಕಾರ್ಡು ಬರೆಯುವುದರಲ್ಲೇ ಅರ್ಧ ಓದು. ಒಂದು ಕಾರ್ಡಿಗೆ ಒಂದೇ ಪ್ರಶ್ನೆ. 'ಹೃದಯದ ರಚನೆ ವಿವರಿಸಿ' ಎಂಬುದು ಕಾರ್ಡಲ್ಲ, ಅದು ಐದು ಅಂಕದ ಪ್ರಶ್ನೆ. ಅರ್ಧ ನೆನಪಾಗಿ ಅರ್ಧ ಬಿಟ್ಟುಹೋದಾಗ ಯಾವ ಗುಂಡಿ ಒತ್ತಬೇಕೆಂದೇ ತಿಳಿಯುವುದಿಲ್ಲ. 'ಬಲ ಹೃತ್ಕರ್ಣ ಮತ್ತು ಬಲ ಹೃತ್ಕುಕ್ಷಿಯ ನಡುವಿನ ಕವಾಟ?' ಎಂದು ಕೇಳಿದರೆ ಉತ್ತರ ಒಂದೇ, ತ್ರಿದಳ ಕವಾಟ. 'ಒಂದು ಮೂತ್ರಪಿಂಡದಲ್ಲಿ ನೆಫ್ರಾನ್ ಎಷ್ಟು?' ಸುಮಾರು 10 ಲಕ್ಷ. ಚಿತ್ರಗಳಿಗೆ 'ಇಮೇಜ್ ಅಕ್ಲೂಷನ್' ಇದೆ: ನೆಫ್ರಾನಿನ ಚಿತ್ರ ತೆಗೆದು, ಭಾಗಗಳ ಹೆಸರಿನ ಮೇಲೆ ಚೌಕ ಎಳೆದರೆ ಒಂದೊಂದು ಚೌಕಕ್ಕೆ ಒಂದೊಂದು ಕಾರ್ಡು ತಾನೇ ಆಗುತ್ತದೆ. ಫೋನಿನ ಕ್ಯಾಮೆರಾದ ಫೋಟೋ 3-4 ಎಂಬಿ ಇರುತ್ತದೆ. ಬೇಕಾದಷ್ಟೇ ಕತ್ತರಿಸಿ, ಕಿರಿದು ಮಾಡಿ 200 ಕೆಬಿಯೊಳಗೆ ತಂದಿಟ್ಟರೆ ಮುಂದೆ ಸಿಂಕ್ ಮಾಡುವಾಗ, ಅಂದರೆ ಫೋನಿನಲ್ಲಿರುವುದನ್ನು ನೆಟ್‌ನಲ್ಲಿರುವ ಖಾತೆಗೆ ಸರಿಹೊಂದಿಸುವಾಗ, ಪಶ್ಚಾತ್ತಾಪ ಇಲ್ಲ. ಲೆಕ್ಕಗಳನ್ನೂ ಡೆರಿವೇಷನ್‌ಗಳನ್ನೂ ಕಾರ್ಡಿಗೆ ಹಾಕಬಾರದು. ಅವಕ್ಕೆ ನೋಟ್‌ಬುಕ್ಕು, ಪೆನ್ನು. ಸೂತ್ರ ಮಾತ್ರ ಕಾರ್ಡಿನಲ್ಲಿರಲಿ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡು. ಸೂತ್ರ ನೆನಪಿಸಿಕೊಳ್ಳುವುದರಲ್ಲೇ ಅರ್ಧ ನಿಮಿಷ ಹೋದರೆ ಲೆಕ್ಕ ಮಾಡುವುದು ಯಾವಾಗ?

ಉತ್ತರ ನೋಡಿದ ಮೇಲೆ ನಾಲ್ಕು ಗುಂಡಿ: ಅಗೇನ್, ಹಾರ್ಡ್, ಗುಡ್, ಈಸಿ. ಬಹಳ ಜನ ಎಡವುವುದು ಹಾರ್ಡ್‌ನಲ್ಲಿ. ಮರೆತುಹೋದರೂ ಅಗೇನ್ ಒತ್ತಲು ಮನಸ್ಸು ಬಾರದೆ ಹಾರ್ಡ್ ಒತ್ತುತ್ತಾರೆ. ಹಾರ್ಡ್ ಎಂದರೆ 'ನೆನಪಾಯಿತು, ಆದರೆ ತಡವಾಯಿತು' ಎಂದರ್ಥ. ಮರೆತದ್ದಕ್ಕೆ ಅದನ್ನು ಒತ್ತಿದರೆ ಆ್ಯಪ್ ಅದನ್ನು ಗೊತ್ತಿರುವ ಕಾರ್ಡೆಂದು ಎಣಿಸಿ ಮುಂದೂಡುತ್ತದೆ, ಇಡೀ ಲೆಕ್ಕ ಹಳಿ ತಪ್ಪುತ್ತದೆ. ಅಗೇನ್ ಮತ್ತು ಗುಡ್ ಎರಡನ್ನೇ ಬಳಸಿದರೂ ಯಾವ ನಷ್ಟವೂ ಇಲ್ಲ.

ಇಷ್ಟರವರೆಗೆ ಹೊಗಳಿಕೆ. ಈಗ ಇದರ ದೋಷ, ಅದು ಸಣ್ಣದಲ್ಲ.

ಒಂದು ದಿನ ಬಿಟ್ಟರೆ ಕಾರ್ಡು ರಾಶಿ ಬೀಳುತ್ತದೆ. ಕೊನೆಕೊಯ್ಲಿನ ಕಾಲದಲ್ಲಿ ಅಂದಂದಿನ ಅಡಿಕೆ ಅಂದಂದೇ ಸುಲಿಯದಿದ್ದರೆ ಜಗಲಿಯಲ್ಲಿ ಏನಾಗುತ್ತದೋ ಹಾಗೆ. ಚೌತಿ, ದೀಪಾವಳಿ, ಕಾಲೇಜಿನ ಟೆಸ್ಟು, ಮನೆಯ ಕೊಯ್ಲು ಎಂದು ಹತ್ತು ದಿನ ತಪ್ಪಿದರೆ ಆರೇಳು ನೂರು ಕಾರ್ಡು ಕಾಯುತ್ತಿರುತ್ತವೆ. ಈ ಹಂತದಲ್ಲೇ ಬಹಳ ಮಂದಿ ಆ್ಯಪ್ ಅಳಿಸಿಬಿಡುತ್ತಾರೆ, ಅವರನ್ನು ದೂರುವಂತಿಲ್ಲ. ಆ್ಯಪ್ ಹೊಸಬರನ್ನು ಮೊದಲೇ ಎಚ್ಚರಿಸಬೇಕಿತ್ತು, ಎಚ್ಚರಿಸುವುದಿಲ್ಲ. ದಿನಕ್ಕೆ 20 ಹೊಸ ಕಾರ್ಡು, ಗರಿಷ್ಠ 200 ಪುನರಾವರ್ತನೆ ಎಂಬುದು ಅದು ತಾನೇ ಇಟ್ಟುಕೊಂಡು ಬರುವ ಲೆಕ್ಕ. ದಿನಕ್ಕೆ ಸೇರಿಸುವ ಹೊಸ ಕಾರ್ಡಿನ ಏಳರಿಂದ ಹತ್ತು ಪಟ್ಟು ಹಳೆಯ ಕಾರ್ಡು ಕೆಲವೇ ವಾರಗಳಲ್ಲಿ ದಿನಾ ಬರತೊಡಗುತ್ತವೆ. 20ಕ್ಕೆ 140ರಿಂದ 200. ಒಂದಕ್ಕೆ 9 ಸೆಕೆಂಡು ಹಿಡಿದರೂ ಅರ್ಧ ತಾಸು. ಮುಂಜಾನೆ ಬಸ್ಸು ಹಿಡಿದು ಸಂಜೆ ಮನೆ ಸೇರುವ ವಿದ್ಯಾರ್ಥಿಗೆ ಇದು ಹೆಚ್ಚಾಯಿತು. ಹೊಸದನ್ನು 8ಕ್ಕೆ ಇಳಿಸಿದರೆ ದಿನದ ಕೆಲಸ 60-80 ಕಾರ್ಡಿಗೆ, ಹತ್ತು-ಹನ್ನೆರಡು ನಿಮಿಷಕ್ಕೆ ಬರುತ್ತದೆ.

200ರ ಮಿತಿ ಇನ್ನೊಂದು ಮೋಸ ಮಾಡುತ್ತದೆ. ನಿಜವಾಗಿ 700 ಬಾಕಿ ಇದ್ದರೂ ಪರದೆಯ ಮೇಲೆ 200 ಎಂದೇ ಕಾಣುತ್ತದೆ. ಮುಗಿಸಿ ಹಗುರಾದೆವೆಂದುಕೊಂಡರೆ ಮರುದಿನ ಮತ್ತೆ 200.

ರಾಶಿ ಬಿದ್ದಾಗ ಮಾಡಬೇಕಾದ್ದು ಇಷ್ಟು. ಮೊದಲು ಹೊಸ ಕಾರ್ಡನ್ನು ಸೊನ್ನೆಗೆ ಇಳಿಸಿ. ಡೆಕ್ಕಿನ (ಕಾರ್ಡುಗಳ ಕಟ್ಟಿನ) ಆಯ್ಕೆಗಳಲ್ಲಿ ದಿನದ ಮಿತಿಯನ್ನು ಕೈಲಾಗುವಷ್ಟಕ್ಕೆ, 140 ಎಂದಿಟ್ಟುಕೊಳ್ಳಿ. 600 ಬಾಕಿ ಇದ್ದು ದಿನಾ 80 ಹಳೆಯ ಕಾರ್ಡು ಸರದಿ ಬಂದು ಸೇರುತ್ತಿದ್ದರೆ ದಿನಕ್ಕೆ 60 ಕರಗುತ್ತದೆ, ಹತ್ತು ದಿನದಲ್ಲಿ ಅಂಗಳ ಖಾಲಿ. ಹೊಸದನ್ನು ನಿಲ್ಲಿಸಿರುವುದರಿಂದ ದಿನ ಕಳೆದಂತೆ ಆ 80 ಕೂಡ ಇಳಿಯುತ್ತದೆ, ಹತ್ತು ದಿನ ಪೂರ್ತಿ ಬೇಕಾಗುವುದಿಲ್ಲ. ಬಾಕಿಯಾದದ್ದೆಲ್ಲ ನಷ್ಟವೂ ಅಲ್ಲ: ತಡವಾಗಿ ಕೇಳಿದರೂ ಉತ್ತರ ನೆನಪಿಗೆ ಬಂದರೆ ಆ ತಡವನ್ನೂ ಲೆಕ್ಕಕ್ಕೆ ಹಿಡಿದು ಮುಂದಿನ ಅಂತರವನ್ನು ಆ್ಯಪ್ ಹೆಚ್ಚಿಸುತ್ತದೆ. ಇದು ತಿಳಿದ ಮೇಲೆ ಸಿಟ್ಟು ಅರ್ಧ ಇಳಿಯುತ್ತದೆ.

ರಾಶಿ ತಡೆಯುವ ಇನ್ನೊಂದು ಕೀಲಿ 'ಎಫ್‌ಎಸ್‌ಆರ್‌ಎಸ್'. ಇದು 2023ರಲ್ಲಿ ಆಂಕಿಗೆ ಸೇರಿದ ಹೊಸ ಲೆಕ್ಕಾಚಾರ, ಡೆಕ್ಕಿನ ಆಯ್ಕೆಗಳ ಕೆಳಭಾಗದಲ್ಲಿದೆ, ಆನ್ ಮಾಡಬೇಕು. ನೂರರಲ್ಲಿ ಎಷ್ಟು ನೆನಪಿರಬೇಕೆಂದು ಅದು ಕೇಳುತ್ತದೆ, ತಾನಾಗಿ 90 ಎಂದಿಟ್ಟಿರುತ್ತದೆ. ಪರೀಕ್ಷೆಯ ಭಯಕ್ಕೆ ಅದನ್ನು 95ಕ್ಕೆ ಏರಿಸಿದರೆ 30 ದಿನದ ಅಂತರ ಸುಮಾರು 14 ದಿನಕ್ಕೆ ಇಳಿಯುತ್ತದೆ, ಅಂದರೆ ಕೆಲಸ ಇಮ್ಮಡಿಗೂ ಹೆಚ್ಚು. 90ರಲ್ಲೇ ಬಿಡುವುದು ಒಳ್ಳೆಯದು. ಎಂಟು ಸಲ ಮರೆತ ಕಾರ್ಡಿಗೆ ಆ್ಯಪ್ 'ಲೀಚ್' ಎಂಬ ಗುರುತು ಹಾಕುತ್ತದೆ. ಲೀಚ್ ಎಂದರೆ ನಮ್ಮ ಉಂಬಳ, ಮಳೆಗಾಲದಲ್ಲಿ ಬೆಟ್ಟ ಹತ್ತಿದವರಿಗೆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅಂಥ ಕಾರ್ಡನ್ನು ಮತ್ತೆ ಮತ್ತೆ ಉಜ್ಜುವ ಬದಲು ಎರಡಾಗಿ ಒಡೆದು ಬೇರೆ ಮಾತಿನಲ್ಲಿ ಬರೆಯಬೇಕು.

ಕನ್ನಡದ ಟಿಪ್ಪಣಿಯನ್ನು ಕಂಪ್ಯೂಟರಿನಿಂದ ತರುವವರಿಗೆ ಎರಡು ಕಡೆ ತೊಡಕು. ಹಳೆಯ ನುಡಿ ಅಥವಾ ಬರಹದ ಫಾಂಟಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲ; ಆ ಫಾಂಟು ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ಅಕ್ಷರ ಕಾಣುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಸರಿ ಬಂದಿದೆಯೇ ನೋಡಿಕೊಳ್ಳಬೇಕು. ಎರಡನೆಯದು, ಕಾರ್ಡುಗಳನ್ನು ಪಟ್ಟಿಯಾಗಿ ಟೈಪ್ ಮಾಡಿ ಒಟ್ಟಿಗೆ ಆ್ಯಪ್‌ಗೆ ತರುವವರು ಅದನ್ನು ಎಕ್ಸೆಲ್‌ನಲ್ಲಿ ಉಳಿಸುವ ರೀತಿ. ಬರೀ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. 'ಸಿಎಸ್‌ವಿ ಯುಟಿಎಫ್-8' ಎಂಬುದನ್ನೇ ಆರಿಸಬೇಕು. ಗೂಗಲ್ ಶೀಟ್ಸ್‌ನಿಂದ ಇಳಿಸಿಕೊಂಡ ಸಿಎಸ್‌ವಿಗೆ ಈ ತೊಂದರೆ ಇಲ್ಲ.

ಸಿಂಕ್‌ಗೆ ಆಂಕಿವೆಬ್ ಖಾತೆ ಪುಕ್ಕಟೆ. ಅಕ್ಷರ ಮಾತ್ರ ಇರುವ ಕಾರ್ಡುಗಳಾದರೆ ದಿನದ ಸಿಂಕ್ ಕೆಲವೇ ಕೆಬಿ, ಮನೆಯ ಹಿಂದಿನ ಗುಡ್ಡ ಹತ್ತಿದಾಗ ಸಿಗುವ ಒಂದು ಗೆರೆ ಸಿಗ್ನಲ್ಲಿಗೂ ಹೋಗುತ್ತದೆ. ಫೋನಿನಲ್ಲೂ ಕಾಲೇಜಿನ ಕಂಪ್ಯೂಟರಿನಲ್ಲೂ ಬಳಸುವವರು ಕೂರುವ ಮೊದಲು ಒಮ್ಮೆ, ಏಳುವಾಗ ಒಮ್ಮೆ ಸಿಂಕ್ ಒತ್ತಬೇಕು. ಕೆಲವು ಬದಲಾವಣೆಗಳಾದಾಗ ಎರಡೂ ಕಡೆಯದನ್ನು ಬೆರೆಸಲು ಅದಕ್ಕೆ ಆಗುವುದಿಲ್ಲ. ಅಪ್‌ಲೋಡೋ ಡೌನ್‌ಲೋಡೋ ಎಂದು ಕೇಳುತ್ತದೆ. ಒಂದನ್ನು ಆರಿಸಿದರೆ ಇನ್ನೊಂದು ಕಡೆಯ ಕೆಲಸ ಅಳಿಸಿಹೋಗುತ್ತದೆ. ಆ ಪ್ರಶ್ನೆ ಬಂದಾಗ ಅವಸರ ಬೇಡ, ರದ್ದು ಮಾಡಿ, ಇರುವುದನ್ನು ಎಕ್ಸ್‌ಪೋರ್ಟ್ ಮಾಡಿಟ್ಟು ಆಮೇಲೆ ಉತ್ತರಿಸಿ. ಫೋನು ತುಂಬಿತೆಂದು ಆ್ಯಪಿನ 'ಕ್ಲಿಯರ್ ಸ್ಟೋರೇಜ್' ಒತ್ತಿದರೆ ಕಾರ್ಡುಗಳೂ ಹೋದಂತೆ. ಪ್ಲೇ ಸ್ಟೋರಿನಿಂದ ಹಾಕಿಕೊಂಡ ಆ್ಯಪನ್ನು ಹೊಸ ಆ್ಯಂಡ್ರಾಯ್ಡ್‌ಗಳಲ್ಲಿ ಅಳಿಸಿದರೂ ಅದೇ ಗತಿ. ತಿಂಗಳಿಗೊಮ್ಮೆ ಇಡೀ ಸಂಗ್ರಹವನ್ನು ಎಕ್ಸ್‌ಪೋರ್ಟ್ ಮಾಡಿ ಇನ್ನೊಂದು ಫೋನಿಗೋ ಪೆನ್‌ಡ್ರೈವಿಗೋ ಹಾಕಿಡಬೇಕು.

ಬೆಳಿಗ್ಗೆ ಬೇಗ ಏಳುವವರಿಗೆ ಒಂದು ಮಾತು: ಆಂಕಿಯ ಹೊಸ ದಿನ ಹುಟ್ಟುವುದು ನಾಲ್ಕು ಗಂಟೆಗೆ. ಮೂರೂವರೆಗೆ ಎದ್ದು ಕೂತರೆ ನಿನ್ನೆಯ ಲೆಕ್ಕವೇ ನಡೆಯುತ್ತಿರುತ್ತದೆ. ಸೆಟ್ಟಿಂಗಿನಲ್ಲಿ ಅದನ್ನು ಎರಡಕ್ಕೋ ಮೂರಕ್ಕೋ ಬದಲಿಸಬಹುದು. ಟೆಸ್ಟಿನ ದಿನ, ರೆಕಾರ್ಡ್ ಒಪ್ಪಿಸುವ ದಿನ ಇವುಗಳಿಗೆ ಬೇರೆ ಆ್ಯಪ್ ಬೇಕಿಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದರೆ ಸಾಕು; ಅದಕ್ಕೂ ಕರೆಂಟು ಬೇಡ.

ಪಿಯುಸಿ ಮುಗಿಸಿದವರು ತಮ್ಮ ಡೆಕ್ಕನ್ನು ಮನೆಯ ತಮ್ಮ ತಂಗಿಯರಿಗೆ ಕೊಡುವಾಗ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ 'ಇನ್‌ಕ್ಲೂಡ್ ಶೆಡ್ಯೂಲಿಂಗ್' ಎಂಬ ಟಿಕ್ ತೆಗೆಯಬೇಕು. ತೆಗೆಯದಿದ್ದರೆ ಅಣ್ಣನಿಗೆ ಆರು ತಿಂಗಳಿಗೊಮ್ಮೆ ಬರುತ್ತಿದ್ದ ಕಾರ್ಡು, ಒಮ್ಮೆಯೂ ನೋಡಿರದ ತಂಗಿಗೂ ಆರು ತಿಂಗಳಿಗೇ ಬರುತ್ತದೆ. ತೆಗೆದು ಕೊಟ್ಟರೂ ಕನ್ನಡ–ಇಂಗ್ಲಿಷ್ ಪದಗಳ ಡೆಕ್ಕು ಮಾತ್ರ ಸಾಕು. ಉಳಿದದ್ದನ್ನು ಅವಳು ಅವಳ ಪುಸ್ತಕ ನೋಡಿ, ಅವಳದೇ ಮಾತಿನಲ್ಲಿ ಬರೆದುಕೊಳ್ಳಲಿ.